ಲೂನಾ ಹೆಡ್ಡಿನ ಮೇಲೆ ಸುಣ್ಣದ ಮುದ್ರೆ

ಕಮಲಾಪುರದ ಸುಣ್ಣದ ಭಟ್ಟಿಯ ದತ್ತಪ್ಪನ ಮೊಮ್ಮಗಳು, ಜಿನ್ನಿಂಗ್ ಗಿರಣಿಯ ಬಾಯ್ಲರ್ ಅಂಬಣ್ಣನ ಮಗಳು ಪುತಳಾಬಾಯಿ. ಕಲಬುರಗಿಯ ಗಾಜಿಪುರದಲ್ಲಿ ಆಕೆಯ ಅಂಗಡಿ ಎಲ್ಲಿ ಎಂದು ಕೇಳಿದರೆ ಹಳಬರು ಮೊದಲು ಈ ಎರಡು ಹೆಸರು ಹೇಳಿ, ಆಮೇಲೆ ಕೈ ತೋರಿಸುತ್ತಿದ್ದರು.

ದತ್ತಪ್ಪ ನಿಜಾಮರ ಕಾಲದವನು. ಕಲ್ಲು ಸುಟ್ಟು ಸುಣ್ಣ ಮಾಡುವುದು ಅವನ ಕಸುಬು. ಭಟ್ಟಿಯೊಳಗೆ ಕಲ್ಲು ಬೆಂದಿದೆಯೋ ಇಲ್ಲವೋ ಎಂಬುದನ್ನು ಹೊಗೆಯ ಬಣ್ಣ ನೋಡಿ ಹೇಳುತ್ತಿದ್ದ. ಬೆಂಕಿ ಹಚ್ಚಿದ ಮೇಲೆ ಭಟ್ಟಿಯ ಬಾಯಿಯನ್ನು ಮಣ್ಣಿನಿಂದ ಮೆತ್ತಿ, ಅದರ ಮೇಲೆ ಹಸಿ ಸುಣ್ಣದ ಬೊಟ್ಟಿಟ್ಟು ಹೆಬ್ಬೆರಳು ಒತ್ತುತ್ತಿದ್ದ. ಅವನ ಹೆಬ್ಬೆರಳಿಗೆ ಸುತ್ತಿಗೆ ಏಟು ಬಿದ್ದು ನಟ್ಟನಡುವೆ ಸೀಳು ಗಾಯವಾಗಿತ್ತು. ಕಳ್ಳ ಬಂದು ಬಾಯಿ ತೆಗೆದರೆ ಬೊಟ್ಟು ಒಡೆಯುವುದು. ಹೊಸ ಬೊಟ್ಟನ್ನು ಯಾರಾದರೂ ಇಡಬಹುದು, ಆ ಸೀಳಿನ ಹೆಬ್ಬೆರಳನ್ನು ಎಲ್ಲಿಂದ ತರುವುದು? ಇಪ್ಪತ್ತು ವರ್ಷ ಅವನ ಭಟ್ಟಿಯಿಂದ ಒಂದು ಬುಟ್ಟಿ ಸುಣ್ಣವೂ ಕಳುವಾಗಲಿಲ್ಲ.

ಅವನ ಮಗ ಅಂಬಣ್ಣ ಕಲಬುರಗಿಗೆ ಬಂದು ಗಿರಣಿಯ ಬಾಯ್ಲರಿಗೆ ಕಟ್ಟಿಗೆ ಹಾಕುವ ಕೆಲಸ ಹಿಡಿದ. ಒಂದು ದಿನ ಒತ್ತಡ ತೋರಿಸುವ ಗಡಿಯಾರದ ಮುಳ್ಳು ಸಿಕ್ಕಿಕೊಂಡು, ಎಲ್ಲ ಸರಿಯಿದೆ ಎಂದು ತೋರಿಸುತ್ತ ನಿಂತಿತ್ತು. ಅಂಬಣ್ಣ ಮುಳ್ಳನ್ನು ನೋಡಲಿಲ್ಲ, ಕೊಳವೆಯ ಹತ್ತಿರ ಅಂಗೈ ಹಿಡಿದ. ಹಿಡಿದವನೇ ಓಡಿ ಆವಿ ಬಿಟ್ಟ. ಒಳಗಿದ್ದ ಮೂವತ್ತು ಜನ ಉಳಿದರು. ಅಂಗೈ ಮಾತ್ರ ಬೆಂದು ಹೋಯಿತು. ಮನೆಗೆ ಬಂದವನು ಮಗಳನ್ನು ಎದುರಿಗೆ ಕೂಡಿಸಿಕೊಂಡು ಹೇಳಿದ: "ಮುಳ್ಳು ಸುಳ್ಳು ಹೇಳ್ತದ, ಮಗಳಾ. ಕೈ ಇಟ್ಟು ನೋಡು."

ಇಂಥ ಮನೆಯಲ್ಲಿ ಹುಟ್ಟಿದವಳು ಯಾರನ್ನು ತಾನೇ ಸುಮ್ಮನೆ ನಂಬಿಯಾಳು? ಪುತಳಾಬಾಯಿ ಐದನೆಯ ಇಯತ್ತೆಗೆ ಶಾಲೆ ಬಿಟ್ಟಳು. ಗಂಡ ತೀರಿಹೋದ ಮೇಲೆ, ಊರಿಗೆಲ್ಲ ಟೀವಿ ಬರುತ್ತಿದ್ದ ಎಂಬತ್ತರ ದಶಕದಲ್ಲಿ, ಸುಟ್ಟ ಸ್ಟೆಬಿಲೈಸರುಗಳನ್ನು ತಂದು ಅವುಗಳ ಟ್ರಾನ್ಸ್‌ಫಾರ್ಮರ್ ಬಿಚ್ಚಿ ತಂತಿ ಎಷ್ಟು ಸುತ್ತಿದೆ ಎಂದು ಎಣಿಸುತ್ತ ಕೂತಳು. ನೂರು ಸುತ್ತಿಗೆ ಒಂದು ಜೋಳದ ಕಾಳು ತಟ್ಟೆಗೆ. ಹಾಗೆ ಎಣಿಸಿ ಬಿಚ್ಚಿದ್ದನ್ನು ಹಾಗೇ ಎಣಿಸಿ ಸುತ್ತಲು ಕಲಿತಳು. ಗುರುವಿಲ್ಲ, ಪುಸ್ತಕವಿಲ್ಲ. ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಇಂಗ್ಲಿಷು ಓದಲು ಬರುತ್ತಿರಲಿಲ್ಲ, ಅದರ ನಕ್ಷೆ ಓದಲು ಬರುತ್ತಿತ್ತು. ತಾಮ್ರದ ತಂತಿಯ ಹೊಸ ಉಂಡೆ ತಂದರೂ ತುದಿಯನ್ನು ಕೆರೆದು, ಒಳಗೆ ಅಲ್ಯೂಮಿನಿಯಂ ಇದೆಯೋ ಎಂದು ನೋಡಿಯೇ ಕೈಗೆ ತೆಗೆದುಕೊಳ್ಳುತ್ತಿದ್ದಳು. ಅಂಗಡಿಯವರು ಅವಳು ಬಂದರೆ "ಬಂದಳಪಾ ಸಿ.ಐ.ಡಿ." ಎನ್ನುತ್ತಿದ್ದರು. ಅವಳಿಗೆ ಅದು ಬೈಗುಳ ಅನ್ನಿಸುತ್ತಿರಲಿಲ್ಲ.

ಅಂಥವಳೂ ಒಬ್ಬನನ್ನು ನಂಬಿದ್ದಳು. ಪಕ್ಕದ ಅಂಗಡಿಯ ಲಾಲ್ ಅಹ್ಮದ್. ಅವನು ವರಖ್ ಬಡಿಯುವವನು. ಬೆಳ್ಳಿಯ ಚೂರನ್ನು ಚರ್ಮದ ಹಾಳೆಗಳ ನಡುವೆ ಇಟ್ಟು ಬೆಳಗಿನಿಂದ ಸಂಜೆತನಕ ಸುತ್ತಿಗೆಯಿಂದ ಬಡಿದರೆ, ಉಸಿರು ತಾಗಿದರೆ ಹಾರಿ ಹೋಗುವಂಥ ಎಲೆ ಆಗುತ್ತದೆ. ಬರ್ಫಿಯ ಮೇಲೆ, ಪಾನಿನ ಮೇಲೆ ಹೊಳೆಯುತ್ತದಲ್ಲ, ಅದು.

"ನಿಮ್ಮ ಟಕ್‌ಟಕ್ಕಿನಾಗ ನನ್ನ ಸುತ್ತಿನ ಲೆಕ್ಕ ತಪ್ಪತದ ನೋಡ್ರಿ ಲಾಲ್‌ಭಾಯಿ," ಎಂದು ಅವಳು ಗೋಡೆಯ ಈಚೆಯಿಂದ ಅನ್ನುವಳು.

"ನನ್ನ ಪೆಟ್ಟು ಎಣಿಸ್ರಿ ಬಾಯಿ, ಲೆಕ್ಕ ಸರಿ ಆಗ್ತದ. ಮೂವತ್ತು ವರ್ಷ ಆತು, ಒಂದು ಪೆಟ್ಟು ತಪ್ಪಿಲ್ಲ," ಎಂದು ಅವನು ಆಚೆಯಿಂದ ಅನ್ನುವನು.

ಇಪ್ಪತ್ತು ವರ್ಷ ಹೀಗೇ ನಡೆದಿತ್ತು. ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಹೋಗುವಾಗ ಅಂಗಡಿಯ ಕೀಲಿಕೈ ಅವನ ಗಾದಿಯ ಕೆಳಗೆ.

ಎರಡು ಸಾವಿರದ ಆರರ ಬೇಸಿಗೆ. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿದ್ದ ತಮ್ಮ ಭೀಮಶಾ ಬಸ್ಸಿಳಿದು ನೇರ ಅಂಗಡಿಗೆ ಬಂದ.

"ಅಕ್ಕಾ, ಈ ವಾರ ಮತ್ತ ಮೂರು ಗೊನಿ ಹೋದವು. ಕೊಯ್ಲಿಗಿ ಇನ್ನ ಇಪ್ಪತ್ತೈದು ದಿನ ಅದ. ಹಿಂಗ ಹೋದ್ರ ನನಗ ದಿಂಡು ಅಷ್ಟ ಉಳಿತದ."

"ಯಾರ ಮ್ಯಾಲ ಅನುಮಾನ?"

"ಎಲ್ಲಾರ ಮ್ಯಾಲ."

"ಹಂಗಂದ್ರ ಯಾರ ಮ್ಯಾಲೂ ಇಲ್ಲ. ಎಂಟು ದಿನ ಬಿಟ್ಟು ಬಾ."

ತೋಟದ ಹಿಂದಿನ ಬದುವು ಮುನ್ನೂರು ಅಡಿ ಉದ್ದ. ಕಳ್ಳ ಬರುವುದು ಅಲ್ಲಿಂದಲೇ. ಆ ಬದುವಿನುದ್ದಕ್ಕೂ ಮೊಣಕಾಲೆತ್ತರದಲ್ಲಿ ಲೇಸರಿನ ಒಂದು ಕೆಂಪು ಗೆರೆ ಎಳೆಯಬೇಕು, ಆ ತುದಿಗೆ ಬೆಳಕು ತಿಳಿಯುವ ಕಣ್ಣೊಂದನ್ನು ಇಡಬೇಕು. ಗೆರೆ ಕಡಿದರೆ ಗುಡಿಸಲಿನಲ್ಲಿ ಲಾರಿಯ ಹಾರ್ನು ಕೂಗಬೇಕು. ಪುತಳಾಬಾಯಿಯ ತಲೆಯಲ್ಲಿ ಇದು ಬಹಳ ದಿನದಿಂದ ಇತ್ತು. ಕೆಲಸ ಮುಗಿದ ಮೇಲೆ ಇಂಥವನ್ನು ಮಾಡಿ ನೋಡುವುದು ಅವಳ ಖಯಾಲಿ. ಜಾತ್ರೆಯಲ್ಲಿ ಮಾರುವ ಆಟದ ಲೇಸರು ಅಷ್ಟು ದೂರ ಹೋಗದು, ಗಂಟೆಗೊಮ್ಮೆ ಸೆಲ್ಲು ಬೇಡುವುದು. ಅದಕ್ಕೆ ಗುಜರಿಯ ಚಾಂದಪಾಶಾನ ಬಳಿ ಕೆಟ್ಟ ಡಿವಿಡಿ ರೈಟರುಗಳನ್ನು ಆರಿಸಿ ತಂದು, ಅವುಗಳ ಹೊಟ್ಟೆಯಿಂದ ಅಕ್ಕಿಕಾಳಿನಷ್ಟೇ ಇರುವ ಲೇಸರ್ ಡಯೋಡುಗಳನ್ನು ಬಿಡಿಸಿದಳು. ಚೆನ್ನಾಗಿದ್ದವು ಮೂರೇ.

ಡಯೋಡಿಗೆ ಬೇಕಾದಷ್ಟೇ ಕರೆಂಟು ಅಳೆದು ಕೊಡಲು ಮೂರು ಕಾಲಿನ ಒಂದು ರೆಗ್ಯುಲೇಟರ್, ಒಂದು ರೆಸಿಸ್ಟರ್ ಸಾಕು. ಅದಕ್ಕೇ ಡ್ರೈವರ್ ಅನ್ನುವುದು. ತೊಂದರೆ ಬೇರೆ ಇತ್ತು. ತೋಟದಲ್ಲಿ ಇರುವುದು ಟ್ರ್ಯಾಕ್ಟರಿನ ಹನ್ನೆರಡು ವೋಲ್ಟಿನ ಬ್ಯಾಟರಿ, ಡಯೋಡಿಗೆ ಬೇಕಾದದ್ದು ಎರಡು ಚಿಲ್ಲರೆ. ಉಳಿದದ್ದನ್ನೆಲ್ಲ ರೆಗ್ಯುಲೇಟರ್ ನುಂಗಿ ಕಾವು ಮಾಡಿ ಕಕ್ಕುವುದು. ಹಗಲೂ ರಾತ್ರಿ ಉರಿಯಬೇಕಾದದ್ದು. ಆ ಕಾವನ್ನು ಹೀರಿ ಗಾಳಿಗೆ ಬಿಡುವ ಲೋಹ ಬೇಕು. ಸಿದ್ಧವಾಗಿ ಸಿಗುವ ಹೀಟ್‌ಸಿಂಕು ಅಗ್ಗದ ಎಣ್ಣೆಪುರಿಯ ಹಾಗೆ, ನೋಡಲು ದಪ್ಪ, ಒಳಗೆ ಗಾಳಿ ಎಂದು ಅವಳ ಮತ. ತಾನೇ ಹುಡುಕಿದಳು.

ಮೊದಲು ಕಿಟಕಿ ಮಾಡುವವರ ಅಲ್ಯೂಮಿನಿಯಂ ತುಂಡು. ರೆಗ್ಯುಲೇಟರನ್ನು ಅದಕ್ಕೆ ಬಿಗಿದು ಉರಿಸಿ, ಕಾವು ಎಷ್ಟು ಹೊತ್ತು ತಾಳಬಹುದೆಂದು ಬೆರಳಿಟ್ಟು ಎಣಿಸಿದಳು: ಒಂದು, ಎರಡು, ಮೂರು. ನಾಲ್ಕಕ್ಕೆ ಬೆರಳು ನಿಲ್ಲಲಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಎರಡೇ. ಹೊಳೆಯುವುದೆಲ್ಲ ಕಾವು ಸಾಗಿಸುವುದಿಲ್ಲ. ಕೊನೆಗೆ ಮೆಕ್ಯಾನಿಕ್ಕಿನ ಹಿತ್ತಲಲ್ಲಿ ಬಿದ್ದಿದ್ದ ಲೂನಾ ಗಾಡಿಯ ಹಳೆ ಹೆಡ್ಡು ಕಣ್ಣಿಗೆ ಬಿತ್ತು. ಎಂಜಿನ್ನಿನ ಬೆಂಕಿಯನ್ನೇ ತಣಿಸಲು ಹುಟ್ಟಿದ್ದು, ಬಾಚಣಿಗೆಯ ಹಲ್ಲಿನಂತೆ ರೆಕ್ಕೆಗಳಿದ್ದದ್ದು. ಅದರ ಒಂದು ಮಗ್ಗುಲನ್ನು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ಸಪಾಟು ಮಾಡಿದಳು. ಬಟ್ಟೆಗೆ ಹಾಕುವ ನೀಲಿಯನ್ನು ಗಾಜಿಗೆ ಸವರಿ, ಹೆಡ್ಡನ್ನು ಅದರ ಮೇಲೆ ತಿರುವಿ, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಮತ್ತೆ ಉಜ್ಜಿದಳು. ಎರಡು ದಿನಕ್ಕೆ ಇಡೀ ಮಗ್ಗುಲು ಒಂದೇ ಸಮ ನೀಲಿಯಾಯಿತು. ಡಯೋಡನ್ನು ಹಳೆ ನಲ್ಲಿಯ ಹಿತ್ತಾಳೆ ಬುಷ್ಷಿನಲ್ಲಿ ಕೂಡಿಸಿ ಅದೇ ಹೆಡ್ಡಿಗೆ ತಿರುಪು ಹಾಕಿದಳು.

ಇಲ್ಲಿ ಒಂದು ಮಾತು. ಆ ರೆಗ್ಯುಲೇಟರಿನ ಬೆನ್ನಿನ ತಗಡಿನಲ್ಲಿ ಕರೆಂಟು ಇರುತ್ತದೆ. ಅದು ಹೆಡ್ಡಿಗೆ ತಾಗಿದರೆ, ಅಳೆದು ಕೊಡುವ ರೆಸಿಸ್ಟರನ್ನು ಬಿಟ್ಟು, ಹೆಡ್ಡಿನ ಮೂಲಕವೇ ಡಯೋಡಿಗೆ ನುಗ್ಗುತ್ತದೆ. ಡಯೋಡು ಅಲ್ಲಿಗೆ ಸತ್ತಂತೆ. ಅದಕ್ಕೆ ನಡುವೆ ಅಭ್ರಕದ ತೆಳು ಹಾಳೆ ಇಡಬೇಕು. ಕೆಟ್ಟ ಇಸ್ತ್ರಿಪೆಟ್ಟಿಗೆಯಿಂದ ಅಭ್ರಕ ಸೀಳಿ ತೆಗೆದಳು. ಸಂದು ತುಂಬಲು, ಬಣ್ಣದಂಗಡಿಯ ಸಫೇದಾ ಎಂಬ ಬಿಳಿ ಪುಡಿಯನ್ನು ವ್ಯಾಸಲೀನಿನಲ್ಲಿ ಕಲಸಿ ಎರಡೂ ಕಡೆ ಸವರಿದಳು.

ಈಗ ಬೆರಳು ಏಳರ ತನಕ ನಿಂತಿತು. ಅವಳಿಗೆ ಹತ್ತು ಬೇಕಿತ್ತು. ಕಮಲಾಪುರದ ಬಿಸಿಲು ಬೇರೆ ಸೇರುವುದಿತ್ತಲ್ಲ. ಬೆಳ್ಳಿಯಷ್ಟು ಬೇಗ ಕಾವು ಸಾಗಿಸುವ ಲೋಹ ಇನ್ನೊಂದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೋಡೆಯಾಚೆ ಟಕ್‌ಟಕ್ ನಡೆದಿತ್ತು.

"ಲಾಲ್‌ಭಾಯಿ, ಎರಡು ಹರಕು ವರಖ್ ಕೊಡ್ರಿ."

"ಯಾಕ್ರಿ, ಲಗ್ನ ಅದ ಏನು?"

"ಲೂನಾ ಹೆಡ್ಡಿಗಿ ಹಚ್ಚಬೇಕು."

ಲಾಲ್ ಅಹ್ಮದ್ ಸುತ್ತಿಗೆ ನಿಲ್ಲಿಸಿ ಅವಳ ಮುಖ ನೋಡಿದ. "ಬಾದಶಾಹರು ತಿನ್ನೋದನ್ನ ಲೂನಾಕ್ಕ ತಿನಸ್ತೀರಿ. ತೊಗೊಳ್ರಿ. ಎಂದ ಒಯ್ತೀರಿ ಇದನ್ನ ಕಮಲಾಪುರಕ್ಕ?"

"ಮುಗಿದ ದಿನ," ಎಂದಳು. ವರಖನ್ನು ಅಭ್ರಕದ ಎರಡೂ ಮೈಗೆ ಹಚ್ಚಿದಳು. ಬೆರಳು ಒಂಬತ್ತರ ತನಕ ನಿಂತಿತು.

ಮಾರನೆಯ ದಿನ ಬೆಳಗ್ಗೆ ಹೊತ್ತಿಸಿದಳು. ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ಅಲುಗದೆ ನಿಂತಿತು. ಉರಿಯಲಿ, ತಾಳಿಕೆ ತಿಳಿಯಲಿ ಎಂದು ಬಿಟ್ಟು, ಕೀಲಿಕೈ ಕೊಟ್ಟು ಊಟಕ್ಕೆ ಹೋದಳು. ಬಂದು ನೋಡಿದರೆ ಚುಕ್ಕೆ ಇಲ್ಲ. ಡಯೋಡು ಸತ್ತಿತ್ತು. ಮೀಟರು ಹಿಡಿದು ಅಭ್ರಕ ನೋಡಿದಳು, ಎಲ್ಲೂ ತಾಗಿರಲಿಲ್ಲ. ಹಳೆ ಮಾಲು ಎಂದುಕೊಂಡು ಎರಡನೆಯದನ್ನು ಹಾಕಿದಳು. ಅದೂ ಮರುದಿನ ಬೆಳಗ್ಗೆಯೆಲ್ಲ ಉರಿದು, ಮಧ್ಯಾಹ್ನ ಅವಳು ಊಟಕ್ಕೆ ಹೋದಾಗಲೇ ಸತ್ತಿತು. ಮೀಟರು ಮತ್ತೆ ಎಲ್ಲ ಸರಿಯಿದೆ ಎಂದಿತು.

ಎರಡು ಸಲ. ಎರಡೂ ಸಲ ತಾನಿಲ್ಲದಾಗ. ಎರಡೂ ಸಲ ಕೀಲಿಕೈ ಒಬ್ಬನ ಬಳಿ.

ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಲಾಲ್ ಅಹ್ಮದನ ತಂಗಿಯ ಮಗ ಸಲಾವುದ್ದೀನನ ಹಣ್ಣಿನ ಬಂಡಿ ಕಂಡಿತು. ಬಂಡಿಯ ತುಂಬ ಕೆಂಪು ಬಾಳೆಹಣ್ಣು. ಪುತಳಾಬಾಯಿಯ ಕಾಲು ನಿಂತುಬಿಟ್ಟವು.

ಅನುಮಾನ ಸುಟ್ಟ ಸುಣ್ಣದ ಕಲ್ಲಿದ್ದಂತೆ. ಒಣಗಿದ್ದಾಗ ಸುಮ್ಮನಿರುತ್ತದೆ, ಒಂದು ಹನಿ ನೀರು ಬಿದ್ದರೆ ತಾನೇ ಕುದಿಯುತ್ತದೆ. 'ಎಂದ ಒಯ್ತೀರಿ ಕಮಲಾಪುರಕ್ಕ' ಎಂದು ಅವನು ಕೇಳಿದ್ದು ನೆನಪಾಯಿತು. ಯಾಕೆ ಕೇಳಿದ? ವರಖ್ ಕೇಳಿದ ಕೂಡಲೇ ಯಾಕೆ ಕೊಟ್ಟ? ಅದು ಬೆಳ್ಳಿಯೇ ಹೌದೋ? ಅಳಿಯ ಕದ್ದು ಮಾರುವುದು, ಮಾವ ಕಾವಲಿನ ಕಣ್ಣು ಕೀಳುವುದು. ಹೊಲಿಗೆ ಹಾಕಿದ ಹಾಗೆ ಒಂದಕ್ಕೊಂದು ಕೂಡಿಕೊಂಡವು. ಇಪ್ಪತ್ತು ವರ್ಷ ಗೋಡೆಯಾಚೆಯಿಂದ ಬರುತ್ತಿದ್ದ ಚಹಾ ಬಾಯಲ್ಲಿ ಕಹಿಯಾಯಿತು. ಬಂಡಿಯವನನ್ನು ಮಾತಾಡಿಸದೆ ಸೆರಗು ಎಳೆದುಕೊಂಡು ಮುಂದೆ ನಡೆದಳು.

ಉಳಿದದ್ದು ಒಂದೇ ಡಯೋಡು. ಇಂಥದ್ದು ಇನ್ನೊಂದು ಗುಜರಿಗೆ ಬರುವ ಹೊತ್ತಿಗೆ ಗೊನೆಗಳು ಇರುತ್ತಿರಲಿಲ್ಲ. ಅದನ್ನು ಅವಳು ಬ್ಲೌಸಿನೊಳಗಿನ ಚೀಲಕ್ಕೆ ಹಾಕಿಕೊಂಡಳು. ಮರುದಿನ ಅದರ ಜಾಗಕ್ಕೆ ಬ್ಯಾಟರಿ ದೀಪದ ಪುಟ್ಟ ಬಲ್ಬು ಹಾಕಿ ಹೊತ್ತಿಸಿದಳು. ಎಲ್ಲವನ್ನೂ ಒಂದು ಡಬ್ಬಿಯೊಳಗಿಟ್ಟು ಮೇಲೆ ತಗಡಿನ ಮುಚ್ಚಳ ಮುಚ್ಚಿ, ಬಲ್ಬಿನ ಮೂತಿಯನ್ನಷ್ಟೇ ತೂತಿನಿಂದ ಹೊರಗೆ ಬಿಟ್ಟಳು. ಮುಚ್ಚಳ ಕೂಡುವ ಸಂದಿಗೆ, ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಬೊಟ್ಟಿಟ್ಟು ಹೆಬ್ಬೆರಳು ಒತ್ತಿದಳು. ದತ್ತಪ್ಪನ ಭಟ್ಟಿಯ ಮುದ್ರೆ.

"ಕೀಲಿಕೈ ತೊಗೊಳ್ರಿ ಲಾಲ್‌ಭಾಯಿ."

"ಯಾಕ್ರಿ ಬಾಯಿ, ಮಾರಿ ಸಣ್ಣ ಆಗ್ಯದ?"

"ಬಿಸಲು."

ಮನೆಗೆ ಹೋಗಲಿಲ್ಲ. ಓಣಿ ಸುತ್ತಿ ಬಂದು ಎದುರಿನ ಚಹಾದಂಗಡಿಯ ಒಳಮೂಲೆಯಲ್ಲಿ ಕೂತಳು. ಲಾಲ್ ಅಹ್ಮದ್ ತನ್ನ ಕಟ್ಟೆಯ ಮೇಲೆ ಬಡಿಯುತ್ತಿದ್ದ. ಹನ್ನೆರಡೂವರೆ. ಒಂದು. ಅವಳ ಚಹಾ ಕೆನೆಗಟ್ಟಿತು. ಒಂದೂವರೆಗೆ ಸುತ್ತಿಗೆ ನಿಂತಿತು. ಅವನು ಎದ್ದ, ಆಚೀಚೆ ನೋಡಿದ, ಗಾದಿಯ ಕೆಳಗಿನಿಂದ ಕೀಲಿಕೈ ತೆಗೆದು ಅವಳ ಅಂಗಡಿಯ ಬಾಗಿಲು ತೆಗೆದು ಒಳಗೆ ಹೋದ.

ಅವನು ಹೊರಗೆ ಬಂದು ಕೂತ ಮೇಲೆ ಪುತಳಾಬಾಯಿ ಎದ್ದು, ಓಣಿ ದಾಟಿ, ಅವನ ಕಡೆ ನೋಡದೆ, ಕೀಲಿ ಹಾಕದೆ ಬಿಟ್ಟಿದ್ದ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

ಬಲ್ಬು ಸತ್ತಿತ್ತು. ಗಾಜು ಕಪ್ಪಾಗಿತ್ತು. ಸಿಕ್ಕಿಬಿದ್ದ ಎಂದುಕೊಂಡು ಮುಚ್ಚಳದ ಕಡೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಸುಣ್ಣದ ಬೊಟ್ಟಿನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಹೆಬ್ಬೆರಳಿನ ಗೆರೆಗಳು ಎಣಿಸುವ ಹಾಗೆ ಇದ್ದವು. ಬಲ್ಬಿಗೆ ಬೆರಳಿಟ್ಟಳು. ಆಗಷ್ಟೇ ಸತ್ತಿದ್ದರೆ ಬೆಚ್ಚಗಿರಬೇಕಿತ್ತು. ಅದು ತಣಿದು ಎಷ್ಟೋ ಹೊತ್ತಾಗಿತ್ತು. ಅವನು ಬಾಗಿಲು ತೆಗೆಯುವ ಮೊದಲೇ ಅದು ಸತ್ತಿತ್ತು.

ಮುದ್ರೆ ಒಡೆದು, ತಿರುಪು ಬಿಚ್ಚಿ, ರೆಗ್ಯುಲೇಟರನ್ನು ಎತ್ತಿದಳು. ಕಾವಿಗೆ ವ್ಯಾಸಲೀನು ಕರಗಿ ನೀರಾಗಿತ್ತು. ಅದರ ಜೊತೆ ಮೇಲಿನ ವರಖಿನ ಅಂಚು ಜಾರಿ, ಅಭ್ರಕದ ತುದಿ ದಾಟಿ, ಕೆಳಗಿನ ವರಖಿನ ಮೇಲೆ ಒರಗಿತ್ತು. ಒರಗಿದಲ್ಲಿ ಎಳ್ಳುಕಾಳಿನಷ್ಟು ಮೂರು ಕಪ್ಪು ಚುಕ್ಕೆ. ತಾಗಿದ ಕ್ಷಣ ಡಯೋಡನ್ನು ಕೊಂದು, ಆ ಎಲೆ ತಾನೂ ಅಲ್ಲೇ ಸುಟ್ಟು ಸಂದು ಬಿಟ್ಟುಕೊಳ್ಳುತ್ತಿತ್ತು. ಮೀಟರಿಗೆ ಏನು ಕಂಡೀತು? ಮಧ್ಯಾಹ್ನದ ಬಿಸಿಲು ತಗಡಿನ ಮಾಡಿಗೆ ಏರಿದಾಗಲೇ ವ್ಯಾಸಲೀನು ಕರಗುವುದು. ಅದೇ ಹೊತ್ತಿಗೆ ಅವಳು ಊಟಕ್ಕೆ ಏಳುವುದು. ಎರಡು ಡಯೋಡು ಕೊಂದ ಕೈ ವರಖನ್ನು ಹಚ್ಚಿದ ಕೈಯೇ. ಮುಳ್ಳನ್ನು ನಂಬಬೇಡ ಎಂದಿದ್ದ ಅಪ್ಪನ ಮಗಳು ಎರಡು ದಿನ ಮೀಟರಿನ ಮುಳ್ಳನ್ನು ನಂಬಿ, ಇಪ್ಪತ್ತು ವರ್ಷದ ನೆರೆಯವನನ್ನು ನಂಬದೆ ಹೋಗಿದ್ದಳು.

ತಲೆಯೆತ್ತಿದರೆ ಬಾಗಿಲಲ್ಲಿ ಲಾಲ್ ಅಹ್ಮದ್ ನಿಂತಿದ್ದ. ಅವನ ಕಣ್ಣು ಒಡೆದ ಸುಣ್ಣದ ಮೇಲಿತ್ತು.

"ನಿಮ್ಮ ಅಜ್ಜನ ಮುದ್ರಿ," ಎಂದ. "ಎಷ್ಟು ಸಲ ಹೇಳೀರಿ ನನಗ ಆ ಕತಿ. ಒಳಗ ಹೋದ ಕೂಡ್ಲೆ ಗುರ್ತು ಹಿಡದೆ."

"ಒಳಗ್ಯಾಕ ಹೋಗಿದ್ರಿ?" ಎಂದಳು. ಕೇಳಿದ ಮೇಲೆ ಅದೂ ಅನುಮಾನದ ಮಾತೇ ಆಯಿತಲ್ಲ ಎನ್ನಿಸಿತು.

ಅವನು ಕಿಟಕಿ ತೋರಿಸಿದ. ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟಿತ್ತು. "ಒಂದೂವರಿಗಿ ನಿಮ್ಮ ಮೇಜಿನ ಮ್ಯಾಲ ಬಿಸಲು ಬೀಳ್ತದ. ದಿನಾ ಇಳಸ್ತೀನಿ, ನೀವು ಬರೋ ಮುಂಚೆ ಎತ್ತತೀನಿ. ಎಂಟು ವರ್ಷ ಆತು. ಹೇಳೋ ಅಂಥಾದ್ದೇನದ ಅದರಾಗ."

ಪುತಳಾಬಾಯಿ ಸ್ಟೂಲಿನ ಮೇಲೆ ಕೂತಳು. ಮುಚ್ಚಿಡುವುದು ಅವಳ ಸ್ವಭಾವವಲ್ಲ. ಬಂಡಿ ಕಂಡದ್ದು, ಕೆಂಪು ಬಾಳೆ ಕಂಡದ್ದು, ಚಹಾದಂಗಡಿಯಲ್ಲಿ ಕೂತದ್ದು, ಎಲ್ಲ ಹೇಳಿದಳು.

ಲಾಲ್ ಅಹ್ಮದ್ ಗಡ್ಡ ನೀವಿಕೊಂಡ. "ಸಲಾವುದ್ದೀನ್‌ಗ ಕೇಳಿದ್ರ ಹೇಳ್ತಿದ್ದ. ಆ ಹಣ್ಣು ತೂಕ ಮಾಡಿ ಕೊಡೋರು ನಿಮ್ಮ ತಮ್ಮ ಭೀಮಶಾನೇ. ಮೊದಲ ಬಲಿತ ಗೊನಿ ಅಷ್ಟು ಕೊಯ್ದು ಕೊಟ್ಟಾರ. ನಿಮ್ಮ ತಮ್ಮಗ ಹೋಗಿ ಕೇಳ್ರಿ, ಅದನ್ನೂ ಬ್ಯಾರೆಯವರ ಮ್ಯಾಲ ಹಾಕಬ್ಯಾಡ್ರಿ."

ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟ. ಸದ್ದಾಗದ ಹಾಗೆ ಇಟ್ಟ. ಹಿಂದಿರುಗಿ ಹೋಗಿ ಸುತ್ತಿಗೆ ಹಿಡಿದ. ಆ ಮಧ್ಯಾಹ್ನ ಅವನ ಪೆಟ್ಟುಗಳು ಒಂದರ ಹಿಂದೊಂದು ಸರಿಯಾಗಿ ಬೀಳುತ್ತಿರಲಿಲ್ಲ. ಗೋಡೆಯ ಈಚೆ ಕೂತವಳಿಗೆ ಅದು ಕೇಳುತ್ತಿತ್ತು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಪೆಟ್ಟಿಗೆ ಕಮಲಾಪುರಕ್ಕೆ ಹೋಯಿತು. ವರಖ್ ಇಲ್ಲದೆ, ಅಭ್ರಕವನ್ನು ಸುತ್ತಲೂ ಅರ್ಧ ಬೆರಳಗಲ ಹೆಚ್ಚಿಗೆ ಬಿಟ್ಟು, ಲೂನಾದ ರೆಕ್ಕೆಗಳನ್ನು ಡಬ್ಬಿಯ ಹೊರಗೆ ಬಾಳೆಯ ನೆರಳಿಗೆ ಚಾಚಿ. ಅಲ್ಲಿ ಬೆರಳು ಹತ್ತಕ್ಕೂ ನಿಂತಿತು. ಕೊಯ್ಲಿನ ತನಕ ಒಂದು ಗೊನೆಯೂ ಹೋಗಲಿಲ್ಲ. ಹಾರ್ನು ಕೂಗಿದ್ದು ಎರಡೇ ಸಲ, ಒಮ್ಮೆ ನಾಯಿಗೆ, ಒಮ್ಮೆ ಭೀಮಶಾನಿಗೇ. ಕಳ್ಳ ಯಾರೆಂಬುದು ಇಂದಿಗೂ ತಿಳಿದಿಲ್ಲ. ಕಮಲಾಪುರದಲ್ಲಿ ಆ ವರ್ಷ ಒಬ್ಬರ ಮುಖ ಒಬ್ಬರು ಓರೆಗಣ್ಣಿನಿಂದ ನೋಡಿದ್ದಂತೂ ನಿಜ. ಅಂಗಡಿಯ ಕೀಲಿಕೈ ಮತ್ತೆ ಗಾದಿಯ ಕೆಳಗೆ ಸೇರಲು ಮಳೆಗಾಲ ಬರಬೇಕಾಯಿತು.

ಆದರೆ ಗಾಜಿಪುರದವರು ನೆನೆಯುವುದು ಆ ದಿನದ ಸಂಜೆಯ ಮಾತನ್ನು. ಹೊತ್ತು ಇಳಿದ ಮೇಲೆ ಪುತಳಾಬಾಯಿ ಕೊನೆಯ ಡಯೋಡನ್ನು ಹೊರಗೆ ತೆಗೆದಳು. ಬೆಳಗಿನಿಂದ ಉಪವಾಸ, ಬೆರಳು ನಡುಗುತ್ತಿದ್ದವು. ಕೂದಲಿನಷ್ಟು ಸಣ್ಣ ಕಾಲುಗಳಿಗೆ ಬೆಸುಗೆ ಹಾಕಬೇಕು, ಅಭ್ರಕವನ್ನು ಅಲುಗದೆ ಕೂಡಿಸಬೇಕು. ಒಂದು ತಪ್ಪಿದರೆ ಆ ವರ್ಷದ ತೋಟ ಹೋದಂತೆ. ಗೋಡೆಯಾಚೆ ಸುತ್ತಿಗೆ ನಿಂತು ಬಹಳ ಹೊತ್ತಾಗಿತ್ತು. ಲಾಲ್ ಅಹ್ಮದ್ ಕೈ ತೊಳೆದುಕೊಂಡು ಬಂದು ಬಾಗಿಲಲ್ಲೇ ನಿಂತ.

"ಉಸಿರು ಬಿಟ್ರ ಹಾರೋ ವರಖ್ ಎತ್ತೋ ಬೆರಳು ಇವು, ನಡುಗಂಗಿಲ್ಲ," ಎಂದ. "ತರ್ರಿ ಇಲ್ಲಿ, ನಾ ಕೂಡಸ್ತೀನಿ. ನೀವು ದೀಪ ಹಿಡೀರಿ ಸಾಕು."

ಪುತಳಾಬಾಯಿ ಡಯೋಡಿನ ಮೇಲೆ ಅಂಗೈ ಮುಚ್ಚಿದಳು.

"ಬ್ಯಾಡ್ರಿ ಲಾಲ್‌ಭಾಯಿ. ನಿಮ್ಮ ಬೆರಳು ನಡುಗಂಗಿಲ್ಲ, ನನಗ ಗೊತ್ತದ. ನಂಬಿಗಿ ಇಲ್ಲಂತ ಬ್ಯಾಡ ಅನ್ನಾಕತ್ತಿಲ್ಲ. ನಾಳಿ ಇದೂ ಸತ್ರ, ನನ್ನ ಮನಸು ಮತ್ತ ನಿಮ್ಮ ಕೈ ಕಡಿಗೇ ಓಡ್ತದ, ಅದರ ಚಾಳಿ ನನಗ ಗೊತ್ತದ. ಈ ಸಲ ಸುಟ್ರ ನನ್ನ ಕೈಲೆ ಸುಡಲಿ. ನೀವು ದೀಪಾನೂ ಹಿಡೀಬ್ಯಾಡ್ರಿ, ಮನಿಗಿ ಹೋಗ್ರಿ."